ಚಿಕ್ಕಬಳ್ಳಾಪುರದಿಂದ ಲೇಹ್‌ಗೆ ಸ್ವಂತ ಕಾರಲ್ಲಿ: ಹತ್ತೋದು ಶ್ರೀನಗರದ ಕಡೆಯಿಂದ, ಇಳಿಯೋದು ಮನಾಲಿ ಕಡೆಗೆ

ನಮ್ಮ ಬೈಪಾಸಲ್ಲಿ ಹೋಗೋ ಎನ್‌ಎಚ್ 44 ಇದೆಯಲ್ಲ, ಬೆಂಗ್ಳೂರಿಗೆ ಹೂವು ದ್ರಾಕ್ಷಿ ಹೊತ್ಕೊಂಡು ದಿನಾ ಟೆಂಪೋಗಳು ಓಡಾಡೋ ರೋಡು, ಅದರಲ್ಲೇ ಬೆಂಗ್ಳೂರಿಗೆ ಬೆನ್ನು ಮಾಡ್ಕೊಂಡು ಬಾಗೇಪಲ್ಲಿ ಕಡೆ ಹೊರಟ್ರೆ ಹೈವೇ ನಂಬರ್ ಒಂದ್ಸಲಾನೂ ಬದಲಾಗ್ದೆ ಶ್ರೀನಗರ ಮುಟ್ಟಬೋದು. ಅಲ್ಲಿಂದ ಎನ್‌ಎಚ್ 1 ಹಿಡಿದ್ರೆ ಕಾರ್ಗಿಲ್, ಆಮೇಲೆ ಲೇಹ್. ಎರಡೇ ಹೈವೇ ಅಷ್ಟೆ, ಒಂದು ಕಡೆಗೆ 3,200 ಕಿಲೋಮೀಟರ್ ಮೇಲೆ ಆಗುತ್ತೆ. ಮನಾಲಿ ಮೇಲೆ ವಾಪಸ್ ಬಂದು ಲಡಾಖಲ್ಲಿ ಸುತ್ತಾಡಿದ್ದೂ ಸೇರಿಸಿದ್ರೆ 7,000 ಹತ್ರ ಹತ್ರ, ಗಾಡಿ ಲೀಟರ್‌ಗೆ 15 ಕೊಟ್ರೆ 460, 470 ಲೀಟರ್ ಎಣ್ಣೆ ಲೆಕ್ಕ ಹಾಕ್ಕೊಳಿ.

ನಾನು ಎರಡು ಸಲ ಹೋಗಿದೀನಿ, ಮೊದಲ್ನೇ ಸಲ ಮನಾಲಿ ಕಡೆಯಿಂದ ಹತ್ತಿದ್ದು ದೊಡ್ಡ ತಪ್ಪು, ಇಷ್ಟುದ್ದ ಬರೀತಿರೋದೇ ಆ ತಪ್ಪು ಇನ್ನೊಬ್ರು ಮಾಡಬಾರ್ದು ಅಂತ. ಮನಾಲಿ ಇರೋದು 2,050 ಮೀಟರಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಸಂಜೆಗೆಲ್ಲ ಲೇಹ್ ದಾರೀಲಿರೋ ಸರ್ಚು ಅನ್ನೋ ಜಾಗದ ಟೆಂಟಲ್ಲಿದ್ವಿ, ಅದು 4,290 ಮೀಟರ್. ಒಂದೇ ದಿನದಲ್ಲಿ ಡಬಲ್‌ಗಿಂತ ಜಾಸ್ತಿ ಎತ್ತರ. ರಾತ್ರಿ ಒಂಬತ್ತಕ್ಕೆ ನನ್ ತಮ್ಮನಿಗೆ ತಲೆನೋವು ಶುರುವಾಯ್ತು, ಹನ್ನೊಂದಕ್ಕೆ ವಾಂತಿ, ಬೆಳಗಾಗೋ ಹೊತ್ತಿಗೆ ಎದ್ದು ಕೂತ್ಕೊಂಡು ಶೂ ಲೇಸ್ ಕಟ್ಟೋಕೆ ನೋಡ್ತಾನೆ, ಎರಡು ತುದಿ ಕೈಲಿ ಹಿಡ್ಕೊಂಡು ಸುಮ್ನೆ ಅದನ್ನೇ ನೋಡ್ತಾ ಕೂತಿದಾನೆ, ಮುಂದೇನು ಮಾಡ್ಬೇಕು ಅಂತ ಗೊತ್ತಾಗ್ತಿಲ್ಲ ಅವ್ನಿಗೆ. ಅದನ್ನ ನೋಡಿದ್ಮೇಲೆ ನಂಗೆ ಕೈಕಾಲು ತಣ್ಣಗಾಯ್ತು. ಟೆಂಟಿನವ್ರು ಆಕ್ಸಿಜನ್ ಕೊಟ್ಟು ಈಗ್ಲೇ ಕೆಳಕ್ಕೆ ಕರ್ಕೊಂಡು ಹೋಗಿ ಅಂದ್ರು, ಆದ್ರೆ ಸರ್ಚು ಹೆಂಗಿದೆ ಅಂದ್ರೆ ಎರಡೂ ಕಡೆ ಅದಕ್ಕಿಂತ ಎತ್ತರದ ಪಾಸ್‌ಗಳೇ, ಅಂದ್ರೆ ಬೆಟ್ಟಸಾಲು ದಾಟೋ ಘಾಟಿಗಳು. ಕೆಳಗಿಳಿಬೇಕು ಅಂದ್ರೂ ಮೊದ್ಲು 4,890 ಮೀಟರಿನ ಬಾರಾಲಾಚಾ ಹತ್ತಿ ದಾಟಿ ಇಳಿಬೇಕು. ಹಂಗೇ ದಾಟಿ ವಾಪಸ್ ಜಿಸ್ಪಾಗೆ ಬಂದ್ವಿ, 3,200 ಮೀಟರ್‌ಗೆ ಬಂದು ಎರಡು ಗಂಟೆ ಆಗ್ತಿದ್ದಂಗೆ ಅವ್ನೇ ಹೊಟ್ಟೆ ಹಸೀತಿದೆ ಅಂದ. ಬೇರೆ ಯಾವ ಔಷಧಿನೂ ಮಾಡ್ದೇ ಇರೋ ಕೆಲ್ಸಾನ ಕೆಳಗಿಳಿಯೋದು ಮಾಡ್ತು.

ಇದು ಯಾಕಾಗುತ್ತೆ ಅಂತ ತಿಳ್ಕೊಂಡ್ರೆ ಪ್ಲಾನ್ ತಾನಾಗೇ ಸರಿ ಹೋಗುತ್ತೆ. ಮೇಲೆ ಹೋದ್ರೂ ಗಾಳೀಲಿ ಆಕ್ಸಿಜನ್ ಪಾಲು ಅದೇ 21 ಪರ್ಸೆಂಟ್, ಕಮ್ಮಿಯಾಗೋದು ಗಾಳಿ ಒತ್ತಡ, ಹಂಗಾಗಿ ಒಂದೊಂದು ಉಸಿರಿಗೂ ಒಳಕ್ಕೆ ಹೋಗೋದು ಕಮ್ಮಿ. ಲೇಹ್ 3,500 ಮೀಟರ್, ಅಲ್ಲಿ ಸಮುದ್ರಮಟ್ಟದಲ್ಲಿ ಸಿಗೋದ್ರ ಮೂರನೇ ಎರಡು ಭಾಗದಷ್ಟು ಸಿಗುತ್ತೆ, 5,300 ದಾಟಿದ್ರೆ ಅರ್ಧ. ನಮ್ಮ ನಂದಿಬೆಟ್ಟದ ತುದಿನೇ 1,478 ಮೀಟರ್, ಅಂಥ ಎರಡು ಬೆಟ್ಟ ಒಂದರ ಮೇಲೊಂದು ಇಟ್ರೂ ಲೇಹ್ ಊರಿನ ಬಸ್‌ಸ್ಟ್ಯಾಂಡ್ ಮಟ್ಟ ಬರಲ್ಲ. ದೇಹ ಇದಕ್ಕೆ ಹೊಂದ್ಕೊಳುತ್ತೆ, ಖಂಡಿತ ಹೊಂದ್ಕೊಳುತ್ತೆ, ಆದ್ರೆ ಅದಕ್ಕೆ ದಿನಗಳು ಬೇಕು, ಗಂಟೆಗಳು ಸಾಲಲ್ಲ. ಜಿಮ್‌ಗೆ ಹೋಗ್ತೀನಿ, ದಿನಾ ಬೆಟ್ಟ ಹತ್ತಿ ಅಭ್ಯಾಸ ಇದೆ ಅನ್ನೋದೆಲ್ಲ ಇಲ್ಲಿ ಲೆಕ್ಕಕ್ಕೆ ಬರಲ್ಲ, ನನ್ ತಮ್ಮ ವಾರಕ್ಕೊಂದ್ಸಲ ಸ್ಕಂದಗಿರಿ ಹತ್ತೋನು.

ಹೊರಡೋಕೆ ಒಳ್ಳೆ ಟೈಮ್ ಅಂದ್ರೆ ಗೌರಿ ಗಣೇಶ ಮುಗಿಸಿ ಹೊರಟು ಆಯುಧಪೂಜೆ ಹೊತ್ತಿಗೆ ಮನೆ ಸೇರೋದು, ಮಧ್ಯೆ ಒಂದು ತಿಂಗ್ಳು ಚಿಲ್ಲರೆ ಸಿಗುತ್ತೆ. ಜುಲೈ ಆಗಸ್ಟಲ್ಲಿ ಅಮರನಾಥ ಯಾತ್ರೆ ರಶ್ಶು, ಜೊತೆಗೆ ಜಮ್ಮು ಕಡೆನೂ ಮನಾಲಿ ಕಡೆನೂ ಮಳೆಗೆ ಗುಡ್ಡ ಕುಸಿಯುತ್ತೆ. ಗಣೇಶ ಹಬ್ಬ ತಡವಾಗಿ ಬಂದ ವರ್ಷ ಮಾತ್ರ ಹಬ್ಬ ಬಿಟ್ಟು ಮುಂಚೆನೇ ಹೊರಡಿ, ಅಕ್ಟೋಬರ್ ಶುರುವಾದ್ರೆ ಪಾಸ್‌ಗಳಲ್ಲಿ ಹಿಮ ಯಾವಾಗ ಬೇಕಾದ್ರೂ ಬೀಳುತ್ತೆ.

ಶ್ರೀನಗರದವರೆಗೆ ಆರು ದಿನ ಇಟ್ಕೊಳಿ. ನಾವು ನಿರ್ಮಲ್, ಸಾಗರ್, ಆಗ್ರಾ, ಜಲಂಧರ್, ಜಮ್ಮು ಹಿಂಗೆ ಉಳ್ಕೊಂಡ್ವಿ. ಆದಿಲಾಬಾದ್ ದಾಟೋವರೆಗೂ ನಮ್ ಕಡೆಯವ್ರಿಗೆ ತೆಲುಗಲ್ಲೇ ಎಲ್ಲ ನಡೆದುಹೋಗುತ್ತೆ, ಆಮೇಲೆ ಹಿಂದಿ. ಹೈದರಾಬಾದಲ್ಲಿ ಔಟರ್ ರಿಂಗ್ ರೋಡ್, ದೆಲ್ಲಿಗೆ ಬೇಡ, ಪಲ್ವಲ್ ಹತ್ರ ಎಕ್ಸ್‌ಪ್ರೆಸ್‌ವೇ ಹಿಡಿದು ಕುಂಡ್ಲೀಲಿ ಮತ್ತೆ 44ಕ್ಕೆ ಸೇರ್ಕೊಳಿ. ಗಾಡಿ ಡೀಸೆಲ್ ಆಗಿದ್ದು ಹತ್ತು ವರ್ಷ ದಾಟಿದ್ರೆ ಆ ಭಾಗದಲ್ಲಿ ತಕರಾರಿದೆ, ರೂಲ್ಸ್ ಆಗಾಗ ಬದಲಾಗ್ತಿರೋದ್ರಿಂದ ಹೊರಡೋಕೆ ಮುಂಚೆ ವಿಚಾರಿಸ್ಕೊಳಿ. ರಾತ್ರಿ ಓಡಿಸ್ಬೇಡಿ, ಇದನ್ನ ಯಾರೂ ಕೇಳಲ್ಲ ಗೊತ್ತು, ಆದ್ರೂ ಹೇಳ್ತೀನಿ.

ಜಮ್ಮು ಕಾಶ್ಮೀರದ ಗಡಿ ದಾಟ್ತಿದ್ದಂಗೆ ನಮ್ಮ ಪ್ರೀಪೇಯ್ಡ್ ಸಿಮ್ ಸತ್ತಂಗೆ, ಲಡಾಖಲ್ಲೂ ಅಷ್ಟೆ. ಪೋಸ್ಟ್‌ಪೇಯ್ಡ್ ಮಾತ್ರ ನಡೆಯೋದು, ಅದನ್ನ ಊರಲ್ಲೇ ಎರಡು ಮೂರು ವಾರ ಮುಂಚೆ ಮಾಡಿಸ್ಕೊಂಡ್ಬಿಡಿ, ಗಾಡೀಲಿ ಕನಿಷ್ಠ ಇಬ್ರ ಹತ್ರ ಬೇರೆಬೇರೆ ಕಂಪನಿದು ಇರ್ಲಿ. ಜಮ್ಮುವಿಂದ ಶ್ರೀನಗರಕ್ಕೆ ಈಗ ಸುರಂಗಗಳು ಆಗಿ ಎಷ್ಟೋ ಸುಲಭ, ಚೆನಾನಿ ನಾಶ್ರೀದು 9 ಕಿಲೋಮೀಟರ್, ಬನಿಹಾಲ್ ಖಾಜಿಗುಂಡ್‌ದು ಎಂಟೂವರೆ ಹತ್ರ, ಆದ್ರೆ ಮಧ್ಯದಲ್ಲಿ ರಾಂಬನ್ ಕಡೆ ಕಲ್ಲು ಉರುಳೋ ಜಾಗ ಇದೆ. ಬೆಳಿಗ್ಗೆ ಬೇಗ ಹೊರಡಿ, ಟ್ರಾಫಿಕ್ ಪೊಲೀಸ್‌ನವ್ರು ದಿನಾ ಯಾವ ಕಡೆ ಗಾಡಿ ಬಿಡ್ತಾರೆ ಅಂತ ಹಾಕ್ತಾರೆ, ಹಿಂದಿನ ರಾತ್ರಿನೇ ನೋಡ್ಕೊಳಿ.

ಶ್ರೀನಗರ 1,585 ಮೀಟರ್. ಅಲ್ಲಿ ಒಂದು ದಿನ ಸುಮ್ನೆ ಇರಿ. ಮಾರ್ನೇ ದಿನ ಸೋನ್‌ಮಾರ್ಗ್, ಆಮೇಲೆ ಜೋಜಿಲಾ ಪಾಸ್ 3,528 ಮೀಟರ್, ಒಂದು ಕಡೆ ಪ್ರಪಾತ, ರೋಡು ಕೆಲವು ಕಡೆ ಬರೀ ಮಣ್ಣು ಕಲ್ಲು, ಎದುರಿಂದ ಲಾರಿ ಸಾಲು. ದಾಟಿದ್ಮೇಲೆ ದ್ರಾಸ್, ಯುದ್ಧ ಸ್ಮಾರಕದಲ್ಲಿ ಒಂದರ್ಧ ಗಂಟೆ ನಿಂತು ಸಂಜೆಗೆ ಕಾರ್ಗಿಲ್, ಅದು 2,676 ಮೀಟರ್. ಈ ರೂಟಿನ ಗುಟ್ಟೇ ಇದು: ಹಗಲು ಎತ್ತರಕ್ಕೆ ಹೋಗ್ತೀರ, ಮಲಗೋದು ಕೆಳಗೆ. ಮಾರ್ನೇ ದಿನಾನೂ ಹಂಗೇ, ನಮಿಕಾ ಲಾ (ಲಾ ಅಂದ್ರೆ ಪಾಸ್), ಆಮೇಲೆ 4,108 ಮೀಟರಿನ ಫೋಟು ಲಾ ಹತ್ತಿ ಇಳಿದು 3,100 ಹತ್ರ ಇರೋ ಆಲ್ಚೀಲಿ ಮಲಗಿ, ಸೀದಾ ಲೇಹ್‌ಗೆ ಓಡ್ಬೇಡಿ. ಅದರ ಮಾರ್ನೇ ದಿನ ಲೇಹ್. ಲೇಹಲ್ಲಿ ಎರಡು ದಿನ ಮಾರ್ಕೆಟ್ ಓಡಾಡಿ, ಮಲ್ಕೊಳಿ, ನೀರು ಕುಡೀರಿ, ಡ್ರಿಂಕ್ಸ್ ಮಾತ್ರ ಬೇಡ. ಖಾರ್ದುಂಗ್ ಲಾ ಮೂರನೇ ದಿನಕ್ಕೆ, ಅಲ್ಲಿ ಫೋಟೋ ತೆಗ್ದು ಹದಿನೈದು ನಿಮಿಷದಲ್ಲಿ ಇಳಿದ್ಬಿಡಿ.

ಎತ್ತರಕ್ಕೆ ದೇಹ ಹೊಂದ್ಕೊಳೋಕೆ ಅಂತ ಕೊಡೋ ಡೈಮಾಕ್ಸ್ ಮಾತ್ರೆ ತಗೋಬೇಕಾ ಬೇಡ್ವಾ ಅಂತ ನಿಮ್ ಡಾಕ್ಟರ್ ಹತ್ರಾನೇ ಕೇಳಿ, ಸಲ್ಫಾ ಅಲರ್ಜಿ ಇದ್ರೆ ಮೊದ್ಲೇ ಹೇಳಿ. ಬಿಪಿ, ಹಾರ್ಟು, ಶುಗರ್ ಇರೋರು ಚೆಕಪ್ ಮಾಡಿಸ್ದೆ ಹೊರಡಬೇಡಿ. ಸಣ್ಣ ತಲೆನೋವು, ನಿದ್ದೆ ಸರಿಯಾಗಿ ಬರ್ದೇ ಇರೋದು ಮೊದಲೆರಡು ದಿನ ತುಂಬಾ ಜನಕ್ಕೆ ಇರುತ್ತೆ, ಹಂಗಿದ್ದಾಗ ಇನ್ನೂ ಮೇಲಕ್ಕೆ ಹೋಗ್ಬೇಡಿ ಅಷ್ಟೆ. ಆದ್ರೆ ಸುಮ್ನೆ ಕೂತಿದ್ರೂ ಏದುಸಿರು, ಬಿಡದ ಕೆಮ್ಮು, ನಡೆಯೋವಾಗ ತೂರಾಡೋದು, ಮಾತು ತೊದಲೋದು, ಇದ್ರಲ್ಲಿ ಒಂದು ಕಂಡ್ರೂ ಬೆಳಗಾಗ್ಲಿ ನೋಡೋಣ ಅಂತ ಕಾಯ್ಬೇಡಿ, ಆಗ್ಲೇ ಕೆಳಗಿಳೀರಿ. ಕೈಲಿ ಹಿಡಿಯೋ ಆಕ್ಸಿಜನ್ ಕ್ಯಾನ್ ಕೆಲವೇ ನಿಮಿಷಕ್ಕೆ, ಅದನ್ನ ನಂಬ್ಕೊಂಡು ಮೇಲೆ ಉಳೀಬೇಡಿ.

ಕಾರ್ಗಿಲ್ ಬಿಟ್ಟು ಸ್ವಲ್ಪ ದೂರ ಹೋದ್ರೆ ಮುಲ್ಬೆಖ್, ರೋಡ್ ಪಕ್ಕದಲ್ಲೇ ಒಂಟಿ ಬಂಡೆ ಮೇಲೆ ಮೂವತ್ತಡಿ ಹತ್ರ ಎತ್ತರದ ಮೈತ್ರೇಯ ಬುದ್ಧನ್ನ ಕೆತ್ತಿದಾರೆ. ಅಲ್ಲಿವರೆಗೂ ಮಸೀದಿ ನೋಡ್ಕೊಂಡು ಬಂದಿರ್ತೀರ, ಇಲ್ಲಿಂದ ಗೊಂಪಾಗಳು, ಅಂದ್ರೆ ಬೌದ್ಧ ಮಠಗಳು ಶುರು. ರೋಡ್ ಪಕ್ಕ ಕಲ್ಲು ಜೋಡಿಸಿದ ಉದ್ದುದ್ದ ಗೋಡೆ ಸಿಗುತ್ತೆ, ಒಂದೊಂದು ಕಲ್ಲಲ್ಲೂ ಮಂತ್ರ ಕೊರೆದಿರುತ್ತೆ, ಅದು ಮಣಿ ಗೋಡೆ. ನಾವು ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕೋ ಥರಾನೇ, ಗೋಡೆನೂ ಸ್ತೂಪಾನೂ ಯಾವಾಗ್ಲೂ ನಿಮ್ ಬಲಗೈ ಕಡೆ ಇರ್ಬೇಕು, ಪ್ರಾರ್ಥನಾ ಚಕ್ರ ತಿರುಗಿಸೋದೂ ಗಡಿಯಾರದ ಮುಳ್ಳು ತಿರುಗೋ ಕಡೆಗೇ. ಆ ಕಲ್ಲಲ್ಲಿ ಒಂದೂ ಎತ್ಕೋಬೇಡಿ, ಅದರ ಮೇಲೆ ಕೂರಬೇಡಿ. ಪಾಸ್‌ಗಳಲ್ಲಿ ಬಣ್ಣಬಣ್ಣದ ಬಾವುಟ ಕಟ್ಟಿರ್ತಾರಲ್ಲ, ಅದರ ಮೇಲೂ ಮಂತ್ರಾನೇ ಇರೋದು, ತುಳೀಬಾರ್ದು, ಬೈಕ್ ಕಾರಿನ ಮುಂದೆ ಶೋಕಿಗೆ ಕಟ್ಟೋರಿಗೆ ಇದು ಗೊತ್ತಿರಲ್ಲ. ಗೊಂಪಾ ಒಳಗೆ ಶೂ ಟೋಪಿ ತೆಗೀರಿ, ಲಾಮಾಗಳು ಕೂರೋ ಸೀಟಲ್ಲಿ ಕೂರಬೇಡಿ, ಬುದ್ಧನ ಕಡೆ ಕಾಲು ಚಾಚಬೇಡಿ. ಆಲ್ಚಿ ಗೊಂಪಾ ಒಳಗೆ ಫೋಟೋ ಇಲ್ಲ. ಅಲ್ಲಿರೋದು 11, 12ನೇ ಶತಮಾನದ ಕಾಲದ ಗೋಡೆಚಿತ್ರ, ಒಳಗೆ ಕತ್ತಲು, ಕಣ್ಣು ಹೊಂದ್ಕೊಳೋಕೆ ಐದು ನಿಮಿಷ ಬೇಕು, ಮೊಬೈಲ್ ಜೇಬಲ್ಲಿಟ್ಟು ಆ ಐದು ನಿಮಿಷ ನಿಂತ್ರೆ ಕೆಂಪು ನೀಲಿ ಒಂದೊಂದಾಗಿ ಮೇಲೆದ್ದು ಬರುತ್ತೆ.

ಎಲ್ಲಿ ಹೋದ್ರೂ ಮೊದ್ಲು ಜುಲೇ ಅನ್ನಿ, ನಮಸ್ಕಾರಕ್ಕೂ ಅದೇ, ಥ್ಯಾಂಕ್ಸ್‌ಗೂ ಅದೇ. ಥಿಕ್ಸೆ ಗೊಂಪಾದಲ್ಲಿ ನಾವು ಮೆಟ್ಟಿಲ ಮೇಲೆ ಕನ್ನಡ ಮಾತಾಡ್ತಾ ಸುಧಾರಿಸ್ಕೊಳ್ತಿದ್ರೆ ಒಬ್ಬ ಸಣ್ಣ ವಯಸ್ಸಿನ ಲಾಮಾ ಹತ್ರ ಬಂದು ಊಟ ಆಯ್ತಾ ಅಂದ್ರು. ಮುಂಡಗೋಡಲ್ಲಿ ಓದಿದ್ರಂತೆ. ಬೈಲಕುಪ್ಪೆ, ಮುಂಡಗೋಡಿನ ದೊಡ್ಡ ಮಠಗಳಿಗೆ ಲಡಾಖಿಂದ ಓದೋಕೆ ಬರ್ತಾರೆ ಅಂತ ಕೇಳಿದ್ದೆ, ಆದ್ರೆ ಅಷ್ಟು ಎತ್ತರದಲ್ಲಿ ಆ ಮಾತು ಕಿವಿಗೆ ಬಿದ್ದಾಗ ನನ್ ಹೆಂಡ್ತಿ ಕಣ್ಣಲ್ಲಿ ನೀರೇ ಬಂತು.

ಊಟದ ವಿಷಯಕ್ಕೆ ಬಂದ್ರೆ ಲೇಹ್ ಎತ್ತರದಲ್ಲಿ ನೀರು 88 ಡಿಗ್ರಿ ಹತ್ರಾನೇ ಕುದಿಯುತ್ತೆ, ಬೇಳೆ ಅಕ್ಕಿ ಪಾತ್ರೇಲಿ ಬೇಯೋಕೆ ತುಂಬಾ ಹೊತ್ತು ಹಿಡಿಯುತ್ತೆ, ಅಡುಗೆ ಮಾಡ್ಕೊಳೋರು ಮೂರು ಲೀಟರಿನ ಕುಕ್ಕರ್ ತಗೊಂಡೋಗಿ. ನಾವು ಅದರ ಜೊತೆ ರಾಗಿ ಹುರಿಹಿಟ್ಟು, ಬೆಲ್ಲ, ಚಟ್ನಿಪುಡಿ ತಗೊಂಡೋಗಿದ್ವಿ, ಹುರಿಹಿಟ್ಟು ಎಷ್ಟೋ ಸಲ ಕಾಪಾಡ್ತು, ಬಿಸಿನೀರಿಗೆ ಕಲಸಿದ್ರೆ ಆಯ್ತು. ಆಲ್ಚೀಲಿ ಹೋಮ್‌ಸ್ಟೇ ಅಜ್ಜಿ ರಾತ್ರಿ ಊಟಕ್ಕೆ ಪಾಬಾ ಇಟ್ರು, ಹುರಿದ ಬಾರ್ಲಿ ಬಟಾಣಿ ಹಿಟ್ಟಲ್ಲಿ ಮಾಡೋದು, ತಟ್ಟೇಲಿ ಕಂದು ಬಣ್ಣದ ಉಂಡೆ, ಪಕ್ಕದಲ್ಲಿ ಸೊಪ್ಪು ಹಾಕಿದ ಮಜ್ಜಿಗೆ. ಹೆಂಡ್ತಿ ನೋಡಿ ಇದು ಮುದ್ದೆನೇ ಅಲ್ವಾ ಅಂದ್ಲು. ಮುರಿದು ಅದ್ಕೊಂಡು ತಿಂದ್ವಿ, ರಾಗಿಮುದ್ದೆಗಿಂತ ಗಟ್ಟಿ, ಬಾಯಲ್ಲಿ ಹುರಿದ ಬಟಾಣಿ ಘಮ. ನಮ್ಮ ಹುರಿಹಿಟ್ಟು ಕೊಟ್ರೆ ಅಜ್ಜಿ ಒಂದು ಮಾತೂ ಕೇಳ್ದೆ ಬೆಣ್ಣೆ ಚಹಾಗೆ ಹಾಕಿ ಬೆರಳಲ್ಲೇ ಕಲಸಿ ತಿಂದ್ರು, ಅವ್ರೂ ಬಾರ್ಲಿ ಹಿಟ್ಟನ್ನ ಹಂಗೇ ತಿನ್ನೋದು. ಹೋಟ್ಲಿಗಿಂತ ಇಂಥ ಮನೆಗಳಲ್ಲೇ ಉಳ್ಕೊಳಿ.

ಗಾಡಿಗೆ ನಾಲ್ಕೂ ಟೈರ್ ಜೊತೆ ಸ್ಟೆಪ್ನಿನೂ ಚೆನ್ನಾಗಿರ್ಬೇಕು, ಬ್ಯಾಟರಿ ಹಳೇದಾಗಿದ್ರೆ ಬದಲಾಯಿಸಿ, ಕೂಲಂಟ್ ಬದಲು ಬರೀ ನೀರು ಹಾಕಿರೋರು ಅದನ್ನ ತೆಗೆಸಿ ಸರಿಯಾದ ಕೂಲಂಟೇ ಹಾಕ್ಸಿ, ಅಲ್ಲಿ ರಾತ್ರಿ ನೀರು ಗಡ್ಡೆ ಕಟ್ಟುತ್ತೆ. ಪಂಕ್ಚರ್ ಕಿಟ್, ಗಾಳಿ ಪಂಪು, ಎಳೆಯೋ ಹಗ್ಗ ಇರ್ಲಿ. ಎತ್ತರದಲ್ಲಿ ಇಂಜಿನ್‌ಗೂ ಉಸಿರು ಕಮ್ಮಿ, ಪಿಕಪ್ ಬರಲ್ಲ, ಫಸ್ಟ್ ಸೆಕೆಂಡಲ್ಲೇ ಹತ್ತಿಸಿ, ಹಾಫ್ ಕ್ಲಚ್ಚಲ್ಲಿ ನಿಲ್ಲಿಸಿ ಎಳೆಸಿದ್ರೆ ಕ್ಲಚ್ ಪ್ಲೇಟ್ ಸುಟ್ಟು ಅಲ್ಲೇ ಕೂರ್ತೀರ. ಇಳಿಯೋವಾಗ್ಲೂ ಅದೇ ಗೇರು, ಬ್ರೇಕ್ ಒಂದೇ ಸಮ ಒತ್ಕೊಂಡು ಬರಬೇಡಿ. ಹತ್ತೋ ಗಾಡಿಗೆ ದಾರಿ ಬಿಡಿ. ಸ್ವಂತ ಹೆಸರಲ್ಲಿ ಆರ್‌ಸಿ ಇರೋ ಗಾಡೀಲೇ ಹೋಗಿ, ಹೊರಗಿಂದ ಬಾಡಿಗೆಗೆ ತಗೊಂಡೋದ ಕಾರು ಬೈಕಿಗೆ ಲಡಾಖಲ್ಲಿ ಲೋಕಲ್‌ನವ್ರು ಬಿಡಲ್ಲ. ನುಬ್ರಾ ಕಣಿವೆ, ಪ್ಯಾಂಗಾಂಗ್ ಸರೋವರದ ಕಡೆ ಹೋಗೋಕೆ ಆನ್‌ಲೈನಲ್ಲಿ ಫೀ ಕಟ್ಟಿ ಅದರ ಪ್ರಿಂಟ್ ನಾಲ್ಕೈದು ಇಟ್ಕೊಳಿ.

ವಾಪಸ್ ಮನಾಲಿ ಮೇಲೆ ಬನ್ನಿ. ಅಷ್ಟೊತ್ತಿಗೆ ದೇಹ ಪಳಗಿರುತ್ತೆ, 5,328 ಮೀಟರಿನ ತಂಗ್‌ಲಾಂಗ್ ಲಾದಲ್ಲೂ ನನ್ ತಮ್ಮ ಆರಾಮಾಗಿ ಟೀ ಕುಡೀತಿದ್ದ. ಲೇಹಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಮೇಲೆ ಹತ್ತು ಲೀಟರ್ ಕ್ಯಾನಲ್ಲಿರ್ಲಿ, ಆ ಕಡೆ ತಾಂಡಿ ಬಂಕಲ್ಲಿ ಮುಂದಿನ ಬಂಕು 365 ಕಿಲೋಮೀಟರ್ ಅಂತ ಬೋರ್ಡೇ ಹಾಕಿದಾರೆ. ಬೆಳಿಗ್ಗೆ ಐದಕ್ಕೆ ಹೊರಟು ಸಂಜೆಗೆ ಜಿಸ್ಪಾ ಸೇರೋ ಹಂಗೆ ನೋಡ್ಕೊಳಿ. ಬೇಗ ಹೊರಡೋಕೆ ಇನ್ನೊಂದು ಕಾರಣ ರೋಡ್ ಮೇಲೆ ಹರಿಯೋ ನಾಲೆಗಳು, ಬಿಸಿಲೇರಿದಂಗೆ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಜಾಸ್ತಿಯಾಗುತ್ತೆ, ಬೆಳಿಗ್ಗೆ ಪಾದ ಮುಳುಗೋಷ್ಟಿದ್ದ ಕಡೆ ಸಾಯಂಕಾಲ ಮೊಣಕಾಲವರೆಗೂ ಬಂದಿರುತ್ತೆ. ಮುಂದಿನ ಗಾಡಿ ದಾಟೋದನ್ನ ನೋಡಿ, ಫಸ್ಟ್ ಗೇರಲ್ಲಿ ಆಕ್ಸಿಲರೇಟರ್ ಬಿಡ್ದೆ ಒಂದೇ ಸಮ ದಾಟಿ. ಜಿಸ್ಪಾ ಆದ್ಮೇಲೆ 9 ಕಿಲೋಮೀಟರಿನ ಅಟಲ್ ಟನಲ್, 2020ರಲ್ಲಿ ಶುರುವಾಗಿದ್ದು, ಆ ತುದಿಯಿಂದ ಒಂದು ಗಂಟೆಯೊಳಗೆ ಮನಾಲಿ. ಅಲ್ಲಿಂದ ಚಂಡೀಗಢ, ಅಂಬಾಲಾ, ಅಂಬಾಲಾದಲ್ಲಿ ಮತ್ತೆ ನಮ್ಮ 44.

ಊರಿಗೆ ಬಂದು ಗಾಡಿ ತೊಳೆಸೋ ಮುಂಚೆ ಏರ್ ಫಿಲ್ಟರ್ ಬಿಚ್ಚಿಸಿ, ನಮ್ದ್ರಲ್ಲಿ ಹಿಡಿ ಧೂಳಿತ್ತು. ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್ ತೋರ್ಸಿ, ವೀಲ್ ಅಲೈನ್‌ಮೆಂಟ್ ಮಾಡ್ಸಿ, ಆಮೇಲೆ ಆಯುಧಪೂಜೆಗೆ ತೊಳೆದು ಹೂವು ಹಾಕಿ.