ಟೈಲ್ಸ್ ಒಡೆಯದೆ ಗೋಡೆಯೊಳಗಿನ ಲೀಕೇಜ್ ನಿಲ್ಲಿಸಿದ್ದು: ನನ್ನ ಅನುಭವ

ಬಾತ್‌ರೂಮಿನ ಹಿಂದಿನ ಕೋಣೆಯ ಗೋಡೆಯಲ್ಲಿ ಅಂಗೈಯಷ್ಟು ಪೇಂಟ್ ಉಬ್ಬಿತ್ತು. ಕೆರೆದು, ಪುಟ್ಟಿ ಹಾಕಿ, ಬಣ್ಣ ಬಳಿದರೆ ಒಂದು ಮಧ್ಯಾಹ್ನದ ಕೆಲಸ, ಅಲ್ವಾ? ಹಾಗೇ ಮಾಡಿದೆ. ಕೆಲವೇ ವಾರಗಳಲ್ಲಿ ಅದೇ ಜಾಗ ಮತ್ತೆ ಉಬ್ಬಿ ಬಿಳಿ ಉಪ್ಪು ಉದುರತೊಡಗಿತು. ಡ್ಯಾಂಪ್‌ಪ್ರೂಫ್ ಕೋಟಿಂಗ್ ಹಚ್ಚಿದೆ. ತೇವ ಒಂದಡಿ ಪಕ್ಕಕ್ಕೆ ಸರಿಯಿತು, ಅಷ್ಟೇ. ಬಾತ್‌ರೂಮ್ ಕಡೆ ಟೈಲ್ಸ್ ಸಂದಿಗೆಲ್ಲ ಎಪಾಕ್ಸಿ ತುಂಬಿದೆ. ಅದೂ ದಂಡ. ಕೊನೆಗೆ ಆದ ಒಟ್ಟು ಖರ್ಚಿನಲ್ಲಿ ಹತ್ತಿರ ಹತ್ತಿರ ಅರ್ಧ ಈ ಡಬ್ಬಗಳಿಗೇ ಹೋಗಿದೆ.

ನೋಡಲು ಬಂದ ಪ್ಲಂಬರ್‌ಗಳೆಲ್ಲ ಹೇಳಿದ್ದು ಒಂದೇ: ಟೈಲ್ಸ್ ಪೂರ್ತಿ ಕೀಳಿ, ಲೈನ್ ಹೊಸದಾಗಿ ಎಳೆಯಿರಿ. ಎಲ್ಲಿ ಸೋರುತ್ತಿದೆ ಅಂದರೆ, ಒಡೆದ ಮೇಲೆ ಗೊತ್ತಾಗುತ್ತೆ ಅನ್ನುತ್ತಾರೆ! ಟೈಲ್ಸ್ ಮುಟ್ಟದೆ ಹಿಂದಿನ ಕೋಣೆಯ ಕಡೆಯಿಂದ ಗೋಡೆ ಬಿಡಿಸುತ್ತೇನೆ ಅಂದಾಗ ಒಬ್ಬರು ನಕ್ಕೇಬಿಟ್ಟರು.

ಪೈಪಿನಲ್ಲಿ ನೀರಿನ ಒತ್ತಡ ಏರಿಸಿ ಸೋರಿಕೆ ಇದೆಯಾ ಅಂತ ನೋಡುವ, ಕೈಯಿಂದ ಒತ್ತುವ ಟೆಸ್ಟಿಂಗ್ ಪಂಪ್ ಕೊಂಡೆ. ಗೀಸರ್ ಬಿಚ್ಚಿ, ಬಿಸಿ ಮತ್ತು ತಣ್ಣೀರಿನ ಲೈನ್ ಬೇರೆ ಮಾಡಿ, ಎಂಡ್ ಪ್ಲಗ್ ಹಾಕಿ, ಒಂದೊಂದಕ್ಕೂ ಸುಮಾರು 5 ಕೆಜಿ (ಚದರ ಸೆಂ.ಮೀ.ಗೆ) ಪ್ರೆಶರ್ ಕೊಟ್ಟೆ. ಮೊದಮೊದಲು ಗೇಜ್ ಮುಳ್ಳು ಮನಸ್ಸಿಗೆ ಬಂದ ಹಾಗೆ ಆಡುತ್ತಿತ್ತು. ಲೈನಿನಲ್ಲಿ ಗಾಳಿ ಉಳಿದಿದ್ದರೆ ಹೀಗಾಗುತ್ತೆ. ಗಾಳಿ ಬಿಟ್ಟ ಮೇಲೆ ತಣ್ಣೀರಿನ ಮುಳ್ಳು ನಿಂತಿತು. ಬಿಸಿನೀರಿನದು ಕಣ್ಣೆದುರೇ ಇಳಿಯಿತು, ಹತ್ತು ನಿಮಿಷದಲ್ಲಿ 2ಕ್ಕೆ ಬಂತು. ಅಂದರೆ ಸೋರುತ್ತಿದ್ದದ್ದು ಬಿಸಿನೀರಿನ ಲೈನ್.

ಜಾಗ ಹಿಡಿಯಲು ಏನೇನೋ ಮಾಡಿದೆ. ಸ್ಕ್ರೂಡ್ರೈವರ್ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಗೋಡೆ ಆಲಿಸಿದೆ, ಏನೂ ಕೇಳಲಿಲ್ಲ. ನಹಾನಿ ಟ್ರ್ಯಾಪ್‌ಗೆ (ಬಾತ್‌ರೂಮ್ ನೆಲದ ನೀರು ಹೊರಹೋಗುವ ಕಿಂಡಿ) ಬಣ್ಣದ ನೀರು ಸುರಿದೆ. ಅದು ಈ ಕೆಲಸಕ್ಕೆ ಬೇಕಿರಲಿಲ್ಲ, ಸುಮ್ನೆ ಕುತೂಹಲ. ಕೆಲಸ ಕೊಟ್ಟಿದ್ದು ಬಿಸಿನೀರು. ಲೈನ್ ಮತ್ತೆ ಜೋಡಿಸಿ ಅರ್ಧ ಗಂಟೆ ಬಿಸಿನೀರು ಬಿಟ್ಟು, ಕೋಣೆಯ ಕಡೆಯಿಂದ ಗೋಡೆಯ ಮೇಲೆ ಅಂಗೈ ಆಡಿಸಿದೆ. ಪೈಪ್ ಹೋದ ದಾರಿ ಸಣ್ಣ ಪಟ್ಟಿಯಷ್ಟೇ ಬೆಚ್ಚಗಿತ್ತು. ಮಿಕ್ಸರ್ (ಬಿಸಿ-ತಣ್ಣೀರು ಬೆರೆಸುವ ನಲ್ಲಿ) ಹಿಂದೆ ಮಾತ್ರ ಬಿಸಿ ತಟ್ಟೆಯಗಲ ಹರಡಿತ್ತು. ಸೋರಿಕೆ ಅಲ್ಲೇ.

ಅದು ನಾಲ್ಕೂವರೆ ಇಂಚಿನ ಗೋಡೆ. ಕೋಣೆಯ ಕಡೆಯಿಂದಲೇ ಪ್ಲಾಸ್ಟರ್ ಕತ್ತರಿಸಿ ಎರಡು ಇಟ್ಟಿಗೆ ತೆಗೆದೆ. ಆಚೆ ಬದಿಯ ಟೈಲ್ ಬಿರುಕು ಬಿಡದಂತೆ ಇಟ್ಟಿಗೆ ಬಿಡಿಸುವುದಕ್ಕೆ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯಲ್ಲ, ಕಷ್ಟಪಟ್ಟು ಕಲಿತದ್ದು! ಒಳಗಿದ್ದದ್ದು ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಎಲ್ಬೋ, ಅಂದರೆ ಪೈಪ್ ತಿರುಗುವ ಕಡೆಯ ಜೋಡಣೆ. ಹೊರಗಿನಿಂದ ಗಟ್ಟಿ. ರೆಂಚ್ ಹಾಕಿ ಸ್ವಲ್ಪ ತಿರುಗಿಸಿದ್ದೇ ತಡ, ಥ್ರೆಡ್ ತುಕ್ಕಿನ ಪುಡಿಯಾಗಿ ಕೈಗೆ ಬಂತು. ಅದರ ಹಿಂದಿನ ತುಂಡಿನದೂ ಅದೇ ಗತಿ. ಹಾಗೇ ಹಿಂದೆ ಹೋಗುತ್ತಾ ಎರಡು ಇಟ್ಟಿಗೆಯ ಕಿಂಡಿ ಗೀಸರ್‌ವರೆಗೂ ಮೂರಡಿ ಕಾಲುವೆಯಾಯಿತು. ಅಷ್ಟುದ್ದಕ್ಕೂ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪ್) ಎಳೆದೆ. ಮಿಕ್ಸರ್ ಕೂರುವ ಕಡೆ ಹಿತ್ತಾಳೆ ಥ್ರೆಡ್ ಇರುವ ಎಲ್ಬೋನೇ ಹಾಕಿ, ಅಲ್ಲಿ ದುಡ್ಡು ಉಳಿಸಬೇಡಿ.

ಮುಚ್ಚುವ ಮೊದಲು ರಾತ್ರಿಯಿಡೀ ಪ್ರೆಶರ್‌ನಲ್ಲಿ ಬಿಟ್ಟೆ. ಮುಳ್ಳು ಅಲ್ಲಾಡಲಿಲ್ಲ. ನಕ್ಕಿದ್ದ ಪ್ಲಂಬರನ್ನು ಕರೆದು ತೋರಿಸಿದೆ. ಪಂಪ್ ಒಂದು ವಾರಕ್ಕೆ ಕೊಡ್ತೀರಾ ಅಂದರು!

ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಿರಿ. ತೊಳೆದರೆ ಮತ್ತೆ ಒಳಗೆ ಇಳಿಯುತ್ತೆ. ಬಣ್ಣಕ್ಕೆ ಅವಸರ ಬೇಡ, ನಾನು ಎರಡು ತಿಂಗಳ ಹತ್ತಿರ ಗೋಡೆ ಹಾಗೇ ಬಿಟ್ಟೆ. ಪಂಪ್ ಸೇರಿ ಒಟ್ಟು ಖರ್ಚು ಪ್ಲಂಬರ್‌ಗಳು ಹೇಳಿದ್ದರ ಹತ್ತರಲ್ಲೊಂದು ಪಾಲು ಇರಬಹುದು. ತಣ್ಣೀರಿನ ಲೈನ್ ಇನ್ನೂ ಅದೇ ಹಳೆಯ ಜಿಐ. ಸದ್ಯಕ್ಕೆ ಮುಳ್ಳು ನಿಂತಿದೆ, ಆದರೂ ಸಿಪಿವಿಸಿ ಒಂದು ಉದ್ದ ಜಾಸ್ತಿನೇ ತಂದಿಟ್ಟಿದ್ದೇನೆ.