ಕಾಲುವೆ ನೀರು ನೋಡಿ ಗುರಿ: ಅಕ್ಕಿ ಗಿರಣಿಯ ವಾರ್ಷಿಕ ಯೋಜನೆ ರೂಪಿಸುವುದು ಹೇಗೆ?

ಲೆಕ್ಕದ ವರ್ಷ ಏಪ್ರಿಲ್ 1ರಂದು ಆರಂಭವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನೇ ನಂಬಿರುವ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಗಿರಣಿಗಳಿಗೆ ಆ ದಿನ ಜಲಾಶಯ ಈ ಬಾರಿ ತುಂಬುತ್ತದೆಯೇ ಎಂಬುದೇ ತಿಳಿದಿರುವುದಿಲ್ಲ. ಆದರೂ ‘ಈ ವರ್ಷ ಇಷ್ಟು ಸಾವಿರ ಚೀಲ’ ಎಂದು ಬರೆದುಕೊಂಡು, ಡಿಸೆಂಬರ್‌ನಲ್ಲಿ ಅದೇ ಅಂಕಿಯನ್ನು ಮುಂದಿಟ್ಟುಕೊಂಡು ಗುಮಾಸ್ತರನ್ನು ಗದರಿಸುವುದರಲ್ಲಿ ಅರ್ಥವಿಲ್ಲ.

ಮೊದಲು ಕೈಯಲ್ಲಿರುವುದನ್ನೂ ಇಲ್ಲದ್ದನ್ನೂ ಬೇರ್ಪಡಿಸಿ. ಎಷ್ಟು ಭತ್ತ ಬರುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಬಂದ ಭತ್ತದಿಂದ ಎಷ್ಟು ಅಕ್ಕಿ ತೆಗೆಯುತ್ತೀರಿ, ನುಚ್ಚು ಎಷ್ಟು ಕಡಿಮೆ ಮಾಡುತ್ತೀರಿ, ಯಂತ್ರ ಎಷ್ಟು ಗಂಟೆ ನಿಲ್ಲುತ್ತದೆ ಎಂಬುದು ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ. ಸರ್ಕಾರಿ ಖರೀದಿಯ ಭತ್ತಕ್ಕೆ ಕ್ವಿಂಟಲ್‌ಗೆ 67 ಕೆ.ಜಿ. ಅಕ್ಕಿ, ಕುಸುಬಲು ಅಕ್ಕಿಯಾದರೆ 68 ಕೆ.ಜಿ. ಎಂಬ ಲೆಕ್ಕವಿದೆ. ಅದನ್ನು ಅಳತೆಗೋಲಾಗಿ ಇಟ್ಟುಕೊಂಡು ಸ್ವಂತ ಗುರಿ ಬರೆಯಿರಿ; ಇದು ಬರಗಾಲದಲ್ಲೂ ಬದಲಾಗಬೇಕಿಲ್ಲ.

ಎರಡನೆಯ ಹೆಜ್ಜೆಯನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಚೀಲಗಳ ಲೆಕ್ಕದ ಪ್ರತಿ ಗುರಿಯ ಎದುರು, ಅದು ಯಾವ ನಂಬಿಕೆಯ ಮೇಲೆ ನಿಂತಿದೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಬೇಕು: ‘ಎರಡನೇ ಬೆಳೆಗೆ ನೀರು ಬಿಡುತ್ತಾರೆ’, ‘ಹೊರದೇಶಕ್ಕೆ ಕಳಿಸುವ ವ್ಯಾಪಾರಿ ಕೊಳ್ಳುತ್ತಾನೆ’ ಎಂಬಂತೆ. ಇಂಥ ನಂಬಿಕೆಗಳು ಅಲುಗಾಡಿದ ಉದಾಹರಣೆಗಳು ದೂರದವಲ್ಲ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಅದು ತೆರವಾಗಿದ್ದು 2024ರ ಸೆಪ್ಟೆಂಬರ್ 28ರಂದು. ಈ ನಡುವೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ, ತುಂಬಿದ್ದ ನೀರು ನದಿಗೆ ಹರಿಯಿತು. ತಾತ್ಕಾಲಿಕ ಗೇಟ್ ಕೂರಿಸಲು ಸುಮಾರು ಒಂದು ವಾರ ಹಿಡಿಯಿತು. ಎರಡನ್ನೂ ಯಾರೂ ಮುಂಚೆಯೇ ಊಹಿಸಬೇಕಿರಲಿಲ್ಲ, ಆದರೆ ನಂಬಿಕೆ ಕಾಗದದ ಮೇಲಿದ್ದವರಿಗೆ ಮರುದಿನ ಬೆಳಿಗ್ಗೆ ಯಾವ ಗುರಿ ಅಪಾಯದಲ್ಲಿದೆಯೆಂದು ಹುಡುಕಬೇಕಾಗುತ್ತಿರಲಿಲ್ಲ.

ಅದಾದ ಮೇಲೆ, ನಂಬಿಕೆ ಸುಳ್ಳಾದರೆ ಏನು ಮಾಡುವುದೆಂದು ಶಾಂತವಾಗಿರುವಾಗಲೇ ಬರೆದಿಡಿ. ನೀರಾವರಿ ಸಲಹಾ ಸಮಿತಿ ಎರಡನೇ ಬೆಳೆಗೆ ನೀರಿಲ್ಲವೆಂದರೆ, ಮುಂಗಾರು ಭತ್ತವನ್ನು ಎಷ್ಟು ಹೆಚ್ಚಾಗಿ ದಾಸ್ತಾನು ಮಾಡುವುದು, ಅದಕ್ಕೆ ಬ್ಯಾಂಕಿನ ಸಾಲದ ಮಿತಿ ಸಾಕೇ, ಯಂತ್ರದ ದೊಡ್ಡ ದುರಸ್ತಿಯನ್ನು ಬೇಸಿಗೆಗೆ ತಳ್ಳಬಹುದೇ ಎಂಬುದು ಅದರಲ್ಲಿರಲಿ.

ಪರಿಶೀಲನೆಯ ದಿನಗಳ ವಿಷಯದಲ್ಲಿ ನನ್ನದು ಸ್ವಲ್ಪ ತಕರಾರಿದೆ. 1970ರ ದಶಕದಲ್ಲಿ ಚಿಪ್ ತಯಾರಿಸುವ ಇಂಟೆಲ್ ಕಂಪನಿಯಲ್ಲಿ ಅದರ ಮುಖಂಡ ಆಂಡಿ ಗ್ರೋವ್ ರೂಢಿಗೆ ತಂದು, 1999ರಲ್ಲಿ ಹೂಡಿಕೆದಾರ ಜಾನ್ ಡೋರ್ ಗೂಗಲ್‌ಗೆ ಪರಿಚಯಿಸಿದ ‘ಒಕೆಆರ್’ ಎಂಬ ಗುರಿ ಬರೆಯುವ ಪದ್ಧತಿಯಲ್ಲಿ ಗುರಿಗಳನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರೆಯುತ್ತಾರೆ. ಭತ್ತಕ್ಕೆ ಆ ಲೆಕ್ಕ ಒಗ್ಗದು. ಕಾಲುವೆಗೆ ನೀರು ಬಿಟ್ಟ ವಾರ, ಎರಡನೇ ಬೆಳೆಯ ತೀರ್ಮಾನವಾದ ವಾರ, ಕೊಯ್ಲಿನ ಆವಕ ಇಳಿಮುಖವಾದ ವಾರ, ಈ ಮೂರು ಸಲ ಕುಳಿತರೆ ಸಾಕು.

ಕೊನೆಯದಾಗಿ, ಖರೀದಿ ಮಾಡುವವರ ಬೋನಸ್ಸನ್ನು ಚೀಲಗಳ ಸಂಖ್ಯೆಗೆ ಮಾತ್ರ ಕಟ್ಟಬೇಡಿ. ಕಟ್ಟಿದರೆ ಸರ್ಕಾರಿ ಖರೀದಿಯ ಮಿತಿಯಾದ ಶೇ 17ಕ್ಕಿಂತ ಹೆಚ್ಚು ತೇವಾಂಶದ ಭತ್ತವೂ ತೂಕದ ಹೆಸರಿನಲ್ಲಿ ಒಳಗೆ ಬರುತ್ತದೆ. ಒಣಗಿಸುವ ಖರ್ಚೂ ನುಚ್ಚಿನ ನಷ್ಟವೂ ಆಗ ಗಿರಣಿ ನಡೆಸುವವರ ಖಾತೆಗೇ ಬೀಳುತ್ತವೆ.