ನಾಲ್ಕು ಸಾಲಿನ ಭವಿಷ್ಯವಾಣಿ ಮತ್ತು ಒಂದು ಚೆಕ್‌ರೋಲ್ ಪುಸ್ತಕ: ನನ್ನ ಅನುಭವ

ನನ್ನ ಫ್ಯಾಂಟಸಿ ಕಾದಂಬರಿಮಾಲೆಯ ಮೂರನೆಯ ಮತ್ತು ಕೊನೆಯ ಸಂಪುಟ ಕಳೆದ ದೀಪಾವಳಿಗೆ ಹೊರಬಂದು, ಐನೂರು ಪ್ರತಿಗಳ ಮೊದಲ ಮುದ್ರಣ ಯುಗಾದಿಯ ಹೊತ್ತಿಗೆ ಮುಗಿದುಹೋದ ಮೇಲೆ, ಇದನ್ನು ಹೇಗೆ ಸಾಧಿಸಿದಿರಿ ಎಂದು ಕೇಳುವವರ ಸಂಖ್ಯೆ ಹೆಚ್ಚಾಗಿದೆ. ಭವಿಷ್ಯವಾಣಿಯ ಮೇಲೆ ನಿಲ್ಲಿಸಿದ ದೊಡ್ಡ ಕಥೆಯನ್ನು ಕನ್ನಡದ ಓದುಗರು ಮೂರು ಸಂಪುಟಗಳವರೆಗೆ ಹಿಂಬಾಲಿಸುವುದಿಲ್ಲ ಎಂದು ಹತ್ತು ವರ್ಷಗಳ ಹಿಂದೆ ನನಗೆ ಖಡಾಖಂಡಿತವಾಗಿ ಹೇಳಿದ್ದವರೂ ಈಗ ಕೇಳುವವರಲ್ಲಿ ಸೇರಿದ್ದಾರೆ. ನಾನು ಆಲ್ದೂರಿನ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತನ, ಕೆಲಸ ಮಾಡುವವನು. ಬರವಣಿಗೆ ರಾತ್ರಿಯ ಹೊತ್ತಿನದು. ಈಗಾಗಲೇ ಇಂಥ ಕಥೆಗೆ ಕೈಹಾಕಿ ನಡುವೆ ಸಿಕ್ಕಿಕೊಂಡಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಲೋಕ ಕಟ್ಟುವುದು, ನಕ್ಷೆ ಬರೆಯುವುದು, ವಂಶಾವಳಿ ಇಡುವುದು ಅವರಿಗೆ ಗೊತ್ತಿರುವುದರಿಂದ ಆ ವಿಷಯಕ್ಕೆ ಹೋಗುವುದಿಲ್ಲ.

ಮೊದಲ ಕರಡನ್ನು 2012ರ ಮಳೆಗಾಲದಲ್ಲಿ ಆರಂಭಿಸಿದೆ. ಅದರ ಮೊದಲ ಅಧ್ಯಾಯದಲ್ಲೇ ಒಬ್ಬ ಮುದುಕಿಯ ಬಾಯಿಂದ ಭಾಮಿನಿ ಷಟ್ಪದಿಯಲ್ಲಿ ನಾಲ್ಕು ಪದ್ಯಗಳ ಭವಿಷ್ಯವಾಣಿಯನ್ನು ಹೇಳಿಸಿದ್ದೆ. ನಾಯಕಿ ಯಾವ ಊರಿನಲ್ಲಿ ಹುಟ್ಟುವಳು, ಯಾರನ್ನು ಕೊಲ್ಲುವಳು, ಯಾವ ಬಾಗಿಲನ್ನು ಉಳಿಸುವಳು ಎಂಬುದೆಲ್ಲವೂ ಅದರಲ್ಲಿ ಇತ್ತು. ಮಾತ್ರೆ ತುಂಬುವುದಕ್ಕಾಗಿ ಹಾಕಿದ ಪಾದಪೂರಣದ ಪದಗಳೂ ಬೇಕಾದಷ್ಟು ಇದ್ದವು. ಚಿಕ್ಕಮಗಳೂರಿನ ನಿವೃತ್ತ ಮೇಷ್ಟ್ರೊಬ್ಬರು ಕರಡನ್ನು ಅರವತ್ತನೆಯ ಪುಟಕ್ಕೇ ಮುಚ್ಚಿ ಹಿಂದಿರುಗಿಸುತ್ತಾ, "ಇನ್ನು ಓದುವುದಕ್ಕೆ ಏನು ಉಳಿಸಿದ್ದೀಯಪ್ಪಾ?" ಎಂದು ಕೇಳಿದರು. ಅವರ ಮಾತನ್ನು ನಾನು ಕೇಳಲಿಲ್ಲ. 2014ರಲ್ಲಿ ಮೊದಲ ಸಂಪುಟವನ್ನು ಅದೇ ರೂಪದಲ್ಲಿ ಸ್ವಂತ ಖರ್ಚಿನಿಂದ ಐನೂರು ಪ್ರತಿ ಅಚ್ಚು ಹಾಕಿಸಿದೆ. ಡಿಟಿಪಿ, ಮುಖಪುಟ, ಕಾಗದ, ಸಾಗಣೆ ಎಲ್ಲ ಸೇರಿ ಸುಮಾರು 58 ಸಾವಿರ ರೂಪಾಯಿ ಆಯಿತು. ಅದು ಮನೆಯ ಮಾಡಿಗೆ ಶೀಟು ಹಾಕಿಸಲು ಎತ್ತಿಟ್ಟಿದ್ದ, ಎರಡು ವರ್ಷದ ಮೆಣಸಿನ ಹಣ. ಮಾರಾಟವಾದದ್ದು ನೂರ ನಲವತ್ತರ ಆಸುಪಾಸು. ನೂರು ಪ್ರತಿ ಒಯ್ದ ಒಬ್ಬ ವಿತರಕರಿಂದ ಇಂದಿನವರೆಗೂ ಲೆಕ್ಕ ಬಂದಿಲ್ಲ. ಉಳಿದವು ಗೋದಾಮಿನ ಮೂಲೆಯಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದು, ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಕೊನೆಗೆ ಕೆ.ಜಿ.ಗೆ ಎಂಟು ರೂಪಾಯಿಯಂತೆ ತೂಕಕ್ಕೆ ಹೋದವು. ಆ ಮೂಟೆಗಳನ್ನು ಲಗೇಜ್ ಆಟೋಗೆ ಎತ್ತಿ ಹಾಕಿದ ದಿನದ ನೆನಪು ನನಗೆ ಇಂದಿಗೂ ಕಹಿಯಾಗಿಯೇ ಇದೆ.

ಎರಡನೆಯ ಸಲ ಭವಿಷ್ಯವಾಣಿಯೇ ಸುಳ್ಳಾಗುವಂತೆ ಬರೆದೆ. ರಾಜ್ಯದ ಮಂತ್ರಿಯೊಬ್ಬ ತನ್ನ ಅನುಕೂಲಕ್ಕಾಗಿ ಅದನ್ನು ಬರೆಸಿದ್ದನೆಂದು ಕೊನೆಯಲ್ಲಿ ತಿಳಿಯುವಂತೆ ಮಾಡಿದ್ದೆ. ಕರಡು ಓದಿದ ಐದು ಜನರಲ್ಲಿ ನಾಲ್ವರು ತಮಗೆ ಮೋಸವಾಯಿತೆಂದರು. ಮೂರನೆಯ ಸಲ ಭವಿಷ್ಯವಾಣಿಯನ್ನೇ ಕಿತ್ತುಹಾಕಿದಾಗ, ಮುನ್ನೂರು ಪುಟಗಳ ಉದ್ದಕ್ಕೂ ಜನ ನಡೆಯುವುದು, ಹೊಡೆದಾಡುವುದು, ಮತ್ತೆ ನಡೆಯುವುದು ಇಷ್ಟೇ ಉಳಿಯಿತು. ಈ ಎರಡು ಕರಡುಗಳಿಗೆ ನಾಲ್ಕು ವರ್ಷ ಹೋಯಿತು.

ದಾರಿ ಕಂಡದ್ದು ಬೀರೂರಿನಲ್ಲಿ. ಅಲ್ಲಿ ದಸರೆಯ ಸಮಯದಲ್ಲಿ ನಡೆಯುವ ಮೈಲಾರಲಿಂಗಸ್ವಾಮಿಯ ಕಾರ್ಣಿಕವನ್ನು, ಅಂದರೆ ದೈವದ ಭವಿಷ್ಯನುಡಿಯನ್ನು, ಕೇಳಲು ಹೋಗಿದ್ದೆ. ನುಡಿಯುವುದು ಒಗಟಿನಂಥ ಒಂದೆರಡು ಮಾತು, ಅಷ್ಟೇ. ಹಿಂದಿರುಗುವಾಗ ಸಖರಾಯಪಟ್ಟಣ ದಾಟುವಷ್ಟರಲ್ಲಿ ಬಸ್ಸಿನಲ್ಲಿ ಆ ಮಾತಿಗೆ ನಾಲ್ಕು ಅರ್ಥಗಳು ಹುಟ್ಟಿದ್ದವು: ಒಬ್ಬರಿಗೆ ಅದು ಮಳೆಯ ಮಾತು, ಇನ್ನೊಬ್ಬರಿಗೆ ಸರ್ಕಾರದ ಮಾತು, ಮತ್ತೊಬ್ಬರಿಗೆ ದನಗಳ ರೋಗದ ಮಾತು, ನನ್ನ ಪಕ್ಕದಲ್ಲಿ ಕುಳಿತಿದ್ದ ಬೆಳೆಗಾರರಿಗೆ ಕಾಫಿಯ ಬೆಲೆಯ ಮಾತು. ಆ ನಾಲ್ವರಲ್ಲಿ ಯಾರೂ ಕಾರ್ಣಿಕವನ್ನು ಅನುಮಾನಿಸಲಿಲ್ಲ. ಉಳಿದ ಮೂವರ ಅರ್ಥವನ್ನು ಮಾತ್ರ ಒಪ್ಪಲಿಲ್ಲ. ನನ್ನ ಮುದುಕಿ ನಾಲ್ಕು ಪದ್ಯಗಳಲ್ಲಿ ಮಾತನ್ನೂ ಅರ್ಥವನ್ನೂ ತಾನೇ ಹೇಳಿ ಮುಗಿಸಿದ್ದಳು. ಹೇಳುವವರು ಮಾತನ್ನಷ್ಟೇ ಹೇಳಬೇಕು, ಅರ್ಥವನ್ನು ಕೇಳುವವರಿಗೆ ಬಿಡಬೇಕು ಎಂಬುದು ಅಂದು ಹೊಳೆಯಿತು.

ಮಲೆನಾಡಿನವರಿಗೆ ಇದು ಹೊಸ ಮಾತಲ್ಲ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ಬದಲಾಗುವುದಿಲ್ಲ, ಅದಕ್ಕೆ ಅರ್ಥ ಹೇಳುವವರು ಬದಲಾದಂತೆ ಪ್ರಸಂಗದ ಬಣ್ಣವೇ ಬದಲಾಗುತ್ತದೆ. ನಾನು ಷಟ್ಪದಿಯನ್ನು ಬಿಟ್ಟು, ಒಂದೂ ಹೆಚ್ಚಿನ ಪದವಿಲ್ಲದಂತೆ ನಾಲ್ಕು ಸಾಲು ಬರೆದೆ. ಅದಕ್ಕೆ ಹನ್ನೊಂದು ವಾರ ಹಿಡಿಯಿತು.

ಬಾಗಿಲ ಕಾಯ್ದವರೆ ಬಾಗಿಲ ತೆರೆವರು
ಕಲ್ಲು ಕಾಳಷ್ಟು ನಡೆವ ವರುಷ
ಕೊಟ್ಟವರ ಕೈಯೆ ಕೊಂಡೊಯ್ವ ಕೈ
ಕೊನೆಯ ಕಾಳಿಗೆ ಒಡೆಯನಿಲ್ಲ

ಮಳೆಗಾಲದಲ್ಲಿ ಕೊಪ್ಪದ ಕಡೆ ಒಂದು ಮನೆಯಲ್ಲಿ ತಾಳಮದ್ದಳೆಯ ಕೂಟ ಸೇರುತ್ತದೆ. ಪರಿಚಯದವರ ಮೂಲಕ ಅಲ್ಲಿಗೆ ಹೋಗಿ, ಕಥೆಯ ಸಂದರ್ಭವನ್ನಷ್ಟೇ ವಿವರಿಸಿ, ಈ ನಾಲ್ಕು ಸಾಲುಗಳಿಗೆ ಅರ್ಥ ಹೇಳಬೇಕೆಂದು ಇಬ್ಬರು ಅರ್ಥಧಾರಿಗಳನ್ನು ಬೇಡಿಕೊಂಡೆ. ಕಿರಿಯರು ನನ್ನ ನಾಯಕಿಯ ಪಕ್ಷ ವಹಿಸಿದರು. ಹಿರಿಯರು ಬಾಗಿಲು ಕಾಯುವವನ, ಅಂದರೆ ನನ್ನ ಖಳನ, ಪಕ್ಷ ವಹಿಸಿದರು. ಕೊನೆಯ ಸಾಲಿಗೆ ಬಂದಾಗ ಹಿರಿಯರು ತೊಡೆಯ ಮೇಲೆ ತಾಳ ಹಾಕುತ್ತಾ ಆ ಸಾಲನ್ನು ಎರಡು ಸಲ ನಿಧಾನವಾಗಿ ಅಂದು ನೋಡಿ, ನನ್ನ ಕಡೆ ತಿರುಗಿ, "ರೈಟ್ರೇ, ಇದನ್ನ ನೀವು ಬರೆದದ್ದೋ, ತಾನಾಗಿ ಬಂದದ್ದೋ? 'ಒಡೆಯನ್ ಇಲ್ಲ' ಅಂತ ಇವರು ಹೇಳಿದ್ರು. ನಾನು 'ಒಡೆಯ ನಿಲ್ಲ' ಅಂತ ಹೇಳ್ತೇನೆ" ಎಂದರು. ಕೊನೆಯ ಕಾಳಿಗೆ ಯಾರೂ ಒಡೆಯರಿಲ್ಲ ಎಂಬುದು ಒಂದು ಅರ್ಥ. ಕೊನೆಯ ಕಾಳಿನ ಹೊತ್ತಿಗೆ ಒಡೆಯನಾದವನು ನಿಲ್ಲಲಾರ, ಉಳಿಯಲಾರ ಎಂಬುದು ಇನ್ನೊಂದು. ನಾನು ಹನ್ನೊಂದು ವಾರ ತಿದ್ದಿದ್ದರೂ ಆ ಎರಡನೆಯದನ್ನು ಕಂಡಿರಲಿಲ್ಲ. ಅಲ್ಲಿಂದ ಎರಡು ಗಂಟೆ ಅವರಿಬ್ಬರೂ ವಾದಿಸಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡೆ. ಕೇಳುತ್ತಿದ್ದ ಹದಿನೈದು ಇಪ್ಪತ್ತು ಜನ ಖಳನ ಪಕ್ಷಕ್ಕೇ ತಲೆದೂಗಿದರು. ಎರಡನೆಯ ಸಂಪುಟದ ಬೆನ್ನೆಲುಬು ಆ ಎರಡು ಗಂಟೆಗಳ ಮಾತು. ಅದರ ಋಣವನ್ನು ಸಂಪುಟದ ಅರಿಕೆಯಲ್ಲಿ ಮುದ್ರಿಸಿದ್ದೇನೆ.

ನಮ್ಮ ಭಾಷೆಗೆ ಈ ಕೆಲಸದಲ್ಲಿ ಇರುವ ಶಕ್ತಿಯನ್ನು ನಾವು ಸಾಕಷ್ಟು ಬಳಸುತ್ತಿಲ್ಲ. ಟೋಲ್ಕಿನ್ನರ 'ಲಾರ್ಡ್ ಆಫ್ ದ ರಿಂಗ್ಸ್' ಕಥೆಯಲ್ಲಿ ಮಾಂತ್ರಿಕ ರಾಜನು 'ಮ್ಯಾನ್' ಕೈಯಿಂದ ಬೀಳುವುದಿಲ್ಲ ಎಂಬ ಮಾತಿದೆ. ಅವನನ್ನು ಬೀಳಿಸುವವರು ಒಬ್ಬ ಹೆಣ್ಣು ಮತ್ತು ಹಾಬಿಟ್ ಎಂಬ ಕುಳ್ಳ ಜನಾಂಗದ ಒಬ್ಬ. ಆ ಬಿರುಕು ಇಂಗ್ಲಿಷಿನ ಒಂದು ಪದದ ಒಳಗಿದೆ. ಕನ್ನಡಕ್ಕೆ ತಂದರೆ ಗಂಡಸು ಎನ್ನಬೇಕೋ ಮನುಷ್ಯ ಎನ್ನಬೇಕೋ ಎಂಬಲ್ಲೇ ಮುಚ್ಚಿಹೋಗುತ್ತದೆ. ಆದರೆ ನಮ್ಮಲ್ಲಿ 'ಅವರು' ಇದೆ. ಅದು ಹೆಣ್ಣೋ ಗಂಡೋ, ಒಬ್ಬರೋ ಹಲವರೋ ಎಂದು ಹೇಳುವುದಿಲ್ಲ, ಹೇಳಲಿಲ್ಲವೆಂದು ಓದುಗರಿಗೆ ಅನ್ನಿಸುವುದೂ ಇಲ್ಲ. 'ಕಾಯ್ದವರೆ' ಎಂದರೆ ಕಾವಲುಗಾರನೊಬ್ಬನೆಂದು ಮೊದಲ ಸಂಪುಟದಲ್ಲಿ ಎಲ್ಲರೂ ಓದಿಕೊಂಡರು. ಶಾಸನಗಳಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ ಎಂಬುದೂ ನೆರವಿಗೆ ಬಂದಿತು. ನನ್ನ ಕಥೆಯಲ್ಲಿ ಈ ಸಾಲುಗಳು ಕಲ್ಲಿನ ಮೇಲೆ ಇರುವುದು ಅದಕ್ಕಾಗಿಯೇ. ಮೂರನೆಯ ಸಾಲಿನಲ್ಲೂ ಇಂಥದೇ ಒಂದು ಒಳಗುಟ್ಟು ಇದೆ. ಅದು ಯಾವುದೆಂದು, ಅದನ್ನು ಹೇಗೆ ಕಟ್ಟಿದೆನೆಂದು ಇಲ್ಲಿ ಬರೆಯುವುದಿಲ್ಲ. ಮುಂದಿನ ಪುಸ್ತಕಕ್ಕೆ ಅದು ನನಗೆ ಬೇಕು.

ಇನ್ನು ಒಳಿತು ಕೆಡುಕುಗಳ ತಕ್ಕಡಿಯ ವಿಷಯ. ಇದನ್ನು ನಾನು ಚೆಕ್‌ರೋಲ್ ಪುಸ್ತಕದಲ್ಲಿ ಸರಿಪಡಿಸಿಕೊಂಡೆ. ತೋಟದಲ್ಲಿ ಆಳುಗಳ ಹಾಜರಿ ಬರೆಯುವ ಆ ಉದ್ದನೆಯ ಪುಸ್ತಕದಲ್ಲಿ ಹೆಸರುಗಳ ಜಾಗದಲ್ಲಿ ಪಾತ್ರಗಳನ್ನೂ, ದಿನಗಳ ಜಾಗದಲ್ಲಿ ಅಧ್ಯಾಯಗಳನ್ನೂ ಬರೆದು, ಆ ಅಧ್ಯಾಯದಲ್ಲಿ ಪಾತ್ರಕ್ಕೆ ಏನಾದರೂ ದಕ್ಕಿದರೆ ನೀಲಿ ಶಾಯಿಯಲ್ಲೂ, ಏನನ್ನಾದರೂ ತೆತ್ತರೆ ಕೆಂಪು ಶಾಯಿಯಲ್ಲೂ ಗುರುತು ಹಾಕಿದೆ. ಹಳೆಯ ಮೊದಲ ಕರಡಿನ ಅರವತ್ತೆಂಟು ಅಧ್ಯಾಯಗಳನ್ನು ಹೀಗೆ ತುಂಬಿದಾಗ, ಒಳ್ಳೆಯವರ ಸಾಲಿನಲ್ಲಿ ನಾಲ್ಕೇ ಕೆಂಪು ಗುರುತುಗಳು, ಕೆಟ್ಟವರ ಸಾಲಿನಲ್ಲಿ ಮೂವತ್ತಕ್ಕೂ ಹೆಚ್ಚು. ಭವಿಷ್ಯವಾಣಿ ತನ್ನ ಕಡೆಗಿದೆ ಎಂದು ಗೊತ್ತಿದ್ದ ನಾಯಕಿ ಏನನ್ನೂ ತೆರದೆ ಗೆಲ್ಲುತ್ತಾ ಹೋಗಿದ್ದಳು. ಮೇಷ್ಟ್ರು ಅರವತ್ತನೆಯ ಪುಟಕ್ಕೆ ಕರಡು ಮುಚ್ಚಿದ್ದೇಕೆ ಎಂಬುದು ಆ ಹಾಳೆಯಲ್ಲಿ ಕಣ್ಣಿಗೆ ರಾಚುವಂತೆ ಕಾಣುತ್ತಿತ್ತು. ಅಂದಿನಿಂದ, ಯಾರಿಗೇ ಆಗಲಿ ನೀಲಿ ಗುರುತು ಬಿದ್ದರೆ ಮೂರು ಅಧ್ಯಾಯಗಳ ಒಳಗೆ ಅದೇ ಪಾತ್ರಕ್ಕೆ ಅಥವಾ ಅದರ ಆಪ್ತರಿಗೆ ಕೆಂಪು ಬೀಳಲೇಬೇಕೆಂದು ಕಟ್ಟುನಿಟ್ಟು ಮಾಡಿಕೊಂಡೆ. ಅಚ್ಚಾದ ಮೂರು ಸಂಪುಟಗಳಲ್ಲಿ ಎರಡೂ ಕಡೆಯ ಕೆಂಪು ಗುರುತುಗಳು ಹೆಚ್ಚುಕಡಿಮೆ ಸಮವಾಗಿವೆ.

ಹಾಗೆಂದು ಇಬ್ಬರೂ ಒಂದೇ ಎಂದು ನಾನು ಬರೆದಿಲ್ಲ. ಕೆಡುಕು ಕೆಡುಕೇ. ಆದರೆ ಅದು ತನ್ನ ಪಾಲಿನ ಕೆಲಸವನ್ನು ನಂಬಿ ಮಾಡುತ್ತಿರಬೇಕು. ಬೇಲೂರಿನ ಚೆನ್ನಕೇಶವನ ಬಾಗಿಲಲ್ಲಿ ನಿಂತ ಜಯವಿಜಯರನ್ನು ನೋಡುತ್ತಾ ನಾನು ಬಾಗಿಲು ಕಾಯುವವನ ಪಾತ್ರವನ್ನು ಕಟ್ಟಿದೆ: ಭಕ್ತರಾಗಿ ಏಳು ಜನ್ಮವೋ, ವೈರಿಗಳಾಗಿ ಮೂರು ಜನ್ಮವೋ ಎಂಬ ಆಯ್ಕೆ ಬಂದಾಗ, ಬೇಗ ಹಿಂದಿರುಗಬಹುದೆಂದು ವೈರವನ್ನು ಆರಿಸಿಕೊಂಡವರು ಅವರು. ದ್ರೋಣನನ್ನೂ ನಾನು ಆಗಾಗ ನೆನೆಯುತ್ತೇನೆ. ತನ್ನನ್ನು ಕೊಲ್ಲುವುದಕ್ಕೆಂದೇ ಯಜ್ಞದಿಂದ ಹುಟ್ಟಿದ ಧೃಷ್ಟದ್ಯುಮ್ನನಿಗೆ, ಗೊತ್ತಿದ್ದೂ, ಬಿಲ್ವಿದ್ಯೆಯನ್ನು ಕಲಿಸಿದವನು ಅವನು. ಅದೇ ರೀತಿಯ ಮಾತನ್ನು ಕೇಳಿದ ಕಂಸ ತಂಗಿಯ ಮಕ್ಕಳನ್ನು ಕೊಂದ. ಹ್ಯಾರಿ ಪಾಟರ್ ಕಥೆಯಲ್ಲೂ ಭವಿಷ್ಯವಾಣಿ ಇಬ್ಬರು ಹುಡುಗರಿಗೆ ಹೊಂದುತ್ತದೆ, ಅವರಲ್ಲಿ ಒಬ್ಬನನ್ನು ಆರಿಸಿ ತನ್ನ ಸಮಾನನೆಂದು ಗುರುತು ಹಾಕುವವನು ವೈರಿಯೇ. ಒಂದೇ ಮಾತನ್ನು ಕೇಳಿ ಒಬ್ಬ ಕಲಿಸುತ್ತಾನೆ, ಇನ್ನೊಬ್ಬ ಕೊಲ್ಲುತ್ತಾನೆ. ನನ್ನ ಪಾತ್ರಗಳ ಒಳಿತು ಕೆಡುಕುಗಳನ್ನು ನಾನು ತೂಗಿದ್ದು ಈ ಜಾಗದಲ್ಲಿ, ಹುಟ್ಟಿನಲ್ಲಿ ಅಲ್ಲ.

ಎರಡನೆಯ ಸಾಲಿನ ಕಲ್ಲು ಹಾಸನದ್ದು. ಹಾಸನಾಂಬೆಯ ಗುಡಿಯಲ್ಲಿ ಸೊಸೆಯೊಬ್ಬಳು ಕಲ್ಲಾಗಿದ್ದಾಳೆಂದೂ, ಆ ಕಲ್ಲು ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆಂದೂ, ದೇವಿಯನ್ನು ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆಂದೂ ನಮ್ಮ ಕಡೆ ಹೇಳುತ್ತಾರೆ. ಇಷ್ಟು ನಿಧಾನವಾದ, ಇಷ್ಟು ಭಯಂಕರವಾದ ಭವಿಷ್ಯವಾಣಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದರ ನಡಿಗೆಯನ್ನು ಅಳೆಯಬೇಕೆಂದು ಒಂದು ರಾತ್ರಿ ಮನೆಯ ಕಣಜದಿಂದ ಹತ್ತು ಭತ್ತದ ಕಾಳು ತಂದು, ಅಡಿಪಟ್ಟಿಯ ಪಕ್ಕದಲ್ಲಿ ತುದಿಗೆ ತುದಿ ತಾಗಿಸಿ ಜೋಡಿಸಿದೆ. ಎಂಟು ಸೆಂಟಿಮೀಟರಿನಷ್ಟು ಬಂದಿತು. ಅಂದರೆ ಸಾವಿರ ವರ್ಷಕ್ಕೆ ಎಂಟು ಮೀಟರ್, ಒಂದು ಸಾಧಾರಣ ಜಗುಲಿಯ ಉದ್ದ. ನನ್ನ ಕಥೆಯ ಕಾಲಗಣನೆಯನ್ನು ಪೂರ್ತಿಯಾಗಿ ಈ ಅಳತೆಗೆ ಕೂರಿಸಿದೆ. ಬಾಗಿಲು ಕಾಯುವವನು ಪ್ರತಿ ವರ್ಷ ನೂಲು ಹಿಡಿದು ಕಲ್ಲನ್ನು ಅಳೆಯುತ್ತಾನೆ. ಉಳಿದ ಕಾಳುಗಳ ಸಂಖ್ಯೆ ಅವನೊಬ್ಬನಿಗೇ ಗೊತ್ತು. ಅವನು ಮಾಡುವ ಘೋರ ಕೃತ್ಯಗಳೆಲ್ಲ ಆ ಕಲ್ಲನ್ನು ತಡೆಯುವುದಕ್ಕಾಗಿ. ನಾಯಕಿಯ ಕಡೆಯವರು ತಿಳಿಯದೆ ಅದನ್ನು ಮುಂದಕ್ಕೆ ತಳ್ಳುತ್ತಿರುತ್ತಾರೆ. ಇದೇ ಅಳತೆಯ ಮೇಲೆ ಆರಿದ್ರೆ, ಮಘೆ ಮಳೆಗಳ ಗಾದೆಗಳಿಂದಲೂ ಒಂದು ಉಪಕಥೆ ಕಟ್ಟಿ ನೋಡಿದೆ. ನಲವತ್ತು ಪುಟವಾದ ಮೇಲೆ ಅದು ಕಥೆಯ ನಡೆಯನ್ನು ಹಿಡಿದು ಎಳೆಯುತ್ತಿತ್ತು, ತೆಗೆದುಹಾಕಿದೆ.

ಹಣದ ಮಾತನ್ನು ಹೇಳಿ ಮುಗಿಸುತ್ತೇನೆ. ಮೊದಲ ಸಂಪುಟವನ್ನು ಹೊಸದಾಗಿ ಬರೆದು ಮತ್ತೆ ಅಚ್ಚು ಹಾಕಿಸುವಾಗ ಐನೂರಕ್ಕೆ ಹೋಗಲಿಲ್ಲ. ನೂರು ನೂರರಂತೆ ಡಿಜಿಟಲ್ ಮುದ್ರಣ ಮಾಡಿಸಿದೆ. ಪ್ರತಿಯೊಂದಕ್ಕೆ ನೂರೈವತ್ತರ ಮೇಲೆ ಬಿದ್ದರೂ ಬೂಷ್ಟು ಹಿಡಿಯಲು ದಾಸ್ತಾನೇ ಇರಲಿಲ್ಲ. ಮುಂಗಡ ಕಟ್ಟಿದವರಿಗೆ ಮಾತ್ರ ಕಳುಹಿಸಿದೆ, ಸಾಲದ ಮೇಲೆ ಯಾವ ಅಂಗಡಿಗೂ ಕೊಡಲಿಲ್ಲ. ಮೂರನೆಯ ಸಂಪುಟದ ಹೊತ್ತಿಗೆ ಮುನ್ನೂರಕ್ಕೂ ಹೆಚ್ಚು ಜನ ಮುಂಗಡ ಕಳುಹಿಸಿದ್ದರಿಂದ ಐನೂರು ಪ್ರತಿಗಳ ಆಫ್‌ಸೆಟ್ ಮುದ್ರಣಕ್ಕೆ ಮರಳುವ ಧೈರ್ಯ ಬಂತು. ಮೂರೂ ಸಂಪುಟಗಳ ಖರ್ಚು ಕಳೆದು ಕೈಯಲ್ಲಿ 90 ಸಾವಿರದಷ್ಟು ಉಳಿದಿದೆ. 2014ರಲ್ಲಿ ನಿಂತಿದ್ದ ಮಾಡಿನ ಶೀಟನ್ನು ಈ ಬೇಸಿಗೆಯಲ್ಲಿ ಹಾಕಿಸಿದೆ.

ಮೊದಲ ಸಂಪುಟದ ಕರಡನ್ನು ಅಂದು ಹಿಂದಿರುಗಿಸಿದ್ದ ಮೇಷ್ಟ್ರಿಗೆ ಕೊನೆಯ ಸಂಪುಟವನ್ನು ನಾನೇ ಒಯ್ದು ಕೊಟ್ಟೆ. ಒಂಬತ್ತು ದಿನಗಳ ನಂತರ ಫೋನ್ ಮಾಡಿ, ಬಾಗಿಲು ತೆರೆದವರು ಯಾರು ಎಂಬುದರಲ್ಲಿ ತಮಗೂ ತಮ್ಮ ಮನೆಯವರಿಗೂ ಒಮ್ಮತವಿಲ್ಲವೆಂದೂ, ಅವರು ನಾಯಕಿ ಎನ್ನುತ್ತಿದ್ದಾರೆಂದೂ, ತಾವು ಒಪ್ಪುವುದಿಲ್ಲವೆಂದೂ ಹೇಳಿದರು. ಅರ್ಧ ಗಂಟೆ ಇಬ್ಬರ ವಾದವನ್ನೂ ಕೇಳಿಸಿಕೊಂಡೆ. ಉತ್ತರವನ್ನು ಹೇಳಲಿಲ್ಲ.